ವಿಲಾಯತಿ ಪದವಿಯೂ ಮುಂಬಯಿಯ ಬಾಗಿಲೂ

ಕಳೆದ ಕಾರ್ತೀಕದಲ್ಲಿ ಬಸವನಗುಡಿಯ ಒಂದು ಛತ್ರದಲ್ಲಿ ಮದುವೆಯ ಊಟಕ್ಕೆ ಕುಳಿತಿದ್ದೆ. ಪಕ್ಕದ ಎಲೆಯಲ್ಲಿದ್ದ ಹಿರಿಯರು, ಒಂದು ಕಾಲಕ್ಕೆ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಸಾರನ್ನ ಕಲಸುತ್ತ ನನ್ನ ಸೋದರಳಿಯನ ಸಮಾಚಾರ ಕೇಳಿದರು. ಹುಡುಗ ಲಂಡನ್ನಿನಲ್ಲಿ ಫೈನಾನ್ಸ್ ಓದಿ ಊರಿಗೆ ಬಂದು ವರ್ಷವಾಗುತ್ತ ಬಂತು, ಮುಂಬಯಿಯಲ್ಲಿ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಕೆಲಸಕ್ಕೆ ಪ್ರಯತ್ನ ನಡೆಸಿದ್ದಾನೆ, ಇನ್ನೂ ಕೈಗೂಡಿಲ್ಲ ಎಂದೆ. ಅವರು ಎಲೆಯಿಂದ ತಲೆಯೆತ್ತದೆ, "ಯೋಗ್ಯತೆ ಇದ್ದಿದ್ದರೆ ಸಿಗದೆ ಇರುತ್ತಿತ್ತೆ ರಾಯರೇ?" ಎಂದರು, ಎಂದವರೇ ಹಪ್ಪಳ ಮುರಿದರು.

ಪಂಕ್ತಿಯಲ್ಲಿ ಕುಳಿತು ಜಗಳವಾಡುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಅಂದು ಸುಮ್ಮನೆ ಉಂಡು ಎದ್ದೆ. ಆದರೆ ಆ ಒಂದು ಮಾತು, ಯೋಗ್ಯತೆ ಎಂಬ ಮಾತು, ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಆ ಹಿರಿಯರೊಬ್ಬರೇ ಆಡಿದ್ದರೆ ಮರೆಯಬಹುದಾಗಿತ್ತು. ನಮ್ಮ ವರ್ಗದ ಮನೆಮನೆಯಲ್ಲೂ ಈ ಮಾತು ಕಾಫಿಯ ಜೊತೆಗೆ ಹಂಚಲ್ಪಡುತ್ತಿದೆ. ಪರದೇಶದಿಂದ ಮರಳಿದ ಹುಡುಗ ಹುಡುಗಿಯರು ಅದನ್ನು ಕೇಳಿ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಾರೆ. ಈ ಮಾತು ಸುಳ್ಳು ಎಂಬುದು ನನ್ನ ವಾದ. ನಾನು ಮೂವತ್ತನಾಲ್ಕು ವರ್ಷ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತನಾದವನು. ಈ ಹುಡುಗನ ಸಾಲದ ಪತ್ರಕ್ಕೆ ಜಾಮೀನುದಾರನಾಗಿ ರುಜು ಹಾಕಿದವನೂ ನಾನೇ. ನಿಷ್ಪಕ್ಷಪಾತಿ ಎಂದು ಹೇಳಿಕೊಳ್ಳಲಾರೆ. ಆದರೆ ಪಕ್ಷಪಾತಿಯ ಲೆಕ್ಕವೂ ಸರಿಯಾಗಿರಬಹುದು. ಓದುಗರು ತಾವೇ ಕೂಡಿ ಕಳೆದು ನೋಡಲಿ.

ಮೊದಲು ಈ ಕಸುಬು ಏನೆಂಬುದನ್ನು ಹೇಳಬೇಕು. ಹೆಸರಿನಲ್ಲಿ ಬ್ಯಾಂಕಿಂಗ್ ಎಂದಿದ್ದರೂ ಇಲ್ಲಿ ಪಾಸ್‌ಬುಕ್ಕಿಲ್ಲ, ಕೌಂಟರಿಲ್ಲ, ಠೇವಣಿಯಿಲ್ಲ. ಒಂದು ಕಂಪೆನಿಗೆ ಬಂಡವಾಳ ಬೇಕು. ಅದರ ಷೇರಿಗೆ ಬೆಲೆ ಕಟ್ಟಿ, ಪ್ರಾಸ್ಪೆಕ್ಟಸ್ ಬರೆಸಿ, ಕೊಳ್ಳುವವರನ್ನು ಹುಡುಕಿ, ಪೇಟೆಗೆ ತಂದು ನಿಲ್ಲಿಸುವುದು. ಒಂದು ಕಂಪೆನಿ ಮತ್ತೊಂದನ್ನು ಕೊಳ್ಳಬೇಕು. ಎರಡೂ ಕಡೆಯವರ ನಡುವೆ ನಿಂತು ಮಾತು ಮುಗಿಸುವುದು. ನಮ್ಮ ಹಳ್ಳಿಯ ಸಂತೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವ ದಳ್ಳಾಳಿ ಮಾಡುವುದೂ ಇದನ್ನೇ. ಟವಲಿನ ಬದಲು ಇಲ್ಲಿ ಎಕ್ಸೆಲ್ ಹಾಳೆ ಇದೆ, ಕಮಿಷನ್ನು ಕೋಟಿಗಳಲ್ಲಿದೆ. ಹಗುರವಾಗಿ ಹೇಳುತ್ತಿಲ್ಲ. ಎತ್ತಿನ ದಳ್ಳಾಳಿಯಿಲ್ಲದೆ ಸಂತೆ ನಡೆಯುವುದಿಲ್ಲ. ಬೆಂಗಳೂರಿನವರಿಗೆ ಒಂದೇ ಉದಾಹರಣೆ ಸಾಕು. 1993ರಲ್ಲಿ ಇನ್ಫೋಸಿಸ್ ತನ್ನ ಷೇರನ್ನು 95 ರೂಪಾಯಿಗೆ ಜನರ ಮುಂದಿಟ್ಟಾಗ ಕೊಳ್ಳುವವರು ಸಾಲದೆ ಹೋದರು. ಮಾರ್ಗನ್ ಸ್ಟ್ಯಾನ್ಲಿಯವರು ಅದೇ ಬೆಲೆಗೆ ಶೇಕಡ 13ರಷ್ಟು ಪಾಲು ಕೊಂಡದ್ದರಿಂದ ಆ ನೀಡಿಕೆ ಉಳಿಯಿತು. ಅಂದು ಅರ್ಜಿ ಹಾಕದೆ ಕೈಬಿಟ್ಟವರು ಇಂದಿಗೂ ಜಯನಗರದ ಉದ್ಯಾನಗಳಲ್ಲಿ ಸಂಜೆ ಹೊತ್ತು ಕೈ ಹಿಸುಕಿಕೊಳ್ಳುತ್ತಿದ್ದಾರೆ. ಅವರಲ್ಲಿ ನಾನೂ ಒಬ್ಬ.

ಈ ಕಸುಬು ನಮ್ಮ ದೇಶದಲ್ಲಿ ತೀರ ಹಳೆಯದಲ್ಲ. 1967ರಲ್ಲಿ ಗ್ರಿಂಡ್ಲೇಸ್ ಬ್ಯಾಂಕಿನವರು ಮರ್ಚೆಂಟ್ ಬ್ಯಾಂಕಿಂಗ್ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಸ್ಟೇಟ್ ಬ್ಯಾಂಕು 1972ರಲ್ಲಿ ಕೈ ಹಾಕಿತು. ಸೆಬಿಯ ನಿಯಮಾವಳಿಯಲ್ಲಿ, 1992ರದು, ಈಗಲೂ ಇದರ ಹೆಸರು ಮರ್ಚೆಂಟ್ ಬ್ಯಾಂಕರ್ ಎಂದೇ. ಷೇರು ಪೇಟೆ 1875ರಿಂದ ಮುಂಬಯಿಯಲ್ಲಿ ಬೇರುಬಿಟ್ಟದ್ದರಿಂದ ಈ ಕಸುಬೂ ಅಲ್ಲೇ ಉಳಿಯಿತು. ನಮ್ಮ ದಕ್ಷಿಣ ಕನ್ನಡದವರು 1906ರಲ್ಲಿಯೇ ಎರಡು ಬ್ಯಾಂಕು ಕಟ್ಟಿದರು, ಉಡುಪಿಯ ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿಯೆಂದು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಎತ್ತಿದರು. ಉಳಿತಾಯ ಕೂಡಿಸುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಆದರೆ ಆ ಹಣವನ್ನು ಕಂಪೆನಿಯ ಬಂಡವಾಳವಾಗಿ ತಿರುಗಿಸುವ ಪೇಟೆ ನಮ್ಮಲ್ಲಿ ಬೆಳೆಯಲಿಲ್ಲ. ಬೆಂಗಳೂರಿನಲ್ಲಿದ್ದ ಷೇರು ವಿನಿಮಯ ಕೇಂದ್ರವೂ 2014ರಲ್ಲಿ ಬಾಗಿಲು ಹಾಕಿತು. ಆದ್ದರಿಂದ ಈ ಕಸುಬು ಬೇಕೆಂಬ ಕನ್ನಡದ ಹುಡುಗ ಮುಂಬಯಿಗೇ ಹೋಗಬೇಕು. ಹೋಗಲಿ, ಹಿಂದೆಯೂ ನಮ್ಮವರು ಹೋದರು. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಶಾಲೆಯಲ್ಲಿ ಓದಿದರು. ಅಂದಿನವರಿಗೆ ಹೋಟೆಲಿನ ಬಾಗಿಲಾದರೂ ತೆರೆದಿತ್ತು.

ಈಗ ಬಾಗಿಲಿನ ವಿಷಯ. ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ದೊಡ್ಡ ಸಂಸ್ಥೆಗಳ ಬಾಗಿಲು ನಿಜವಾಗಿ ಎಲ್ಲಿದೆ, ಬಲ್ಲಿರಾ? ನಮ್ಮ ಬನ್ನೇರುಘಟ್ಟ ರಸ್ತೆಯಲ್ಲಿದೆ. ಐ.ಐ.ಎಂ. ಎಂಬ ಕಲ್ಲುಕಟ್ಟಡದೊಳಗೆ ಒಂದು, ಅಹಮದಾಬಾದಿನಲ್ಲಿ ಒಂದು, ಕಲ್ಕತ್ತೆಯಲ್ಲಿ ಒಂದು. ಇವುಗಳ ಜೊತೆಗೆ ಇಂಥ ಇನ್ನು ಕೆಲವು ಕಡೆ. ಅಲ್ಲಿ ಜೂನಿನಲ್ಲಿ ಸೇರಿದ ವಿದ್ಯಾರ್ಥಿಯನ್ನು ಈ ಸಂಸ್ಥೆಗಳು ಅಕ್ಟೋಬರ್ ನವೆಂಬರಿನಲ್ಲೇ ಬಂದು ನೋಡುತ್ತವೆ. ಹುಡುಗ ಇನ್ನೂ ಒಂದು ಪೂರ್ತಿ ವರ್ಷವನ್ನೂ ಓದಿಲ್ಲ! ಅವನನ್ನು ಮುಂದಿನ ಏಪ್ರಿಲ್ ಮೇ ತಿಂಗಳ ಬೇಸಿಗೆಯ ಉಮೇದುವಾರಿಗೆ, ಈಗಿನವರು ಇಂಟರ್ನ್‌ಶಿಪ್ ಎನ್ನುತ್ತಾರೆ, ಗೊತ್ತು ಮಾಡಿಬಿಡುತ್ತವೆ. ಎಂಟು ವಾರ ದುಡಿಸಿ ನೋಡಿ, ಒಪ್ಪಿಗೆಯಾದವರಿಗೆ ಓದು ಮುಗಿಯುವ ಮೊದಲೇ ನೌಕರಿಯ ಕಾಗದ ಕೊಡುತ್ತವೆ. ಹೀಗೆ ಒಂದು ವರ್ಷ ಸೇರಬೇಕಾದವರ ಬಹುಪಾಲು ಅದರ ಹಿಂದಿನ ಮಳೆಗಾಲದಲ್ಲೇ ನಿಶ್ಚಯವಾಗಿರುತ್ತಾರೆ. ಉಳಿದ ಬೆರಳೆಣಿಕೆಯ ಜಾಗಕ್ಕೆ ಕೆಲವು ಐ.ಐ.ಟಿ.ಗಳಿಂದ, ದೆಹಲಿಯ ಒಂದೆರಡು ಕಾಮರ್ಸ್ ಕಾಲೇಜುಗಳಿಂದ, ರ‍್ಯಾಂಕು ಪಡೆದ ಸಿ.ಎ.ಗಳಿಂದ ಆಯ್ಕೆ. ಈ ಕಸುಬೇ ಕಿರಿದು. ಒಂದೊಂದು ಸಂಸ್ಥೆ ವರ್ಷಕ್ಕೆ ಸೇರಿಸಿಕೊಳ್ಳುವ ಹೊಸಬರನ್ನು ಒಂದು ಮದುವೆ ವ್ಯಾನಿನಲ್ಲಿ ಕೂರಿಸಬಹುದು.

ಈಗ ಲಂಡನ್ನಿನ ಪಂಚಾಂಗವನ್ನು ಇದರ ಪಕ್ಕದಲ್ಲಿಡಿ. ನನ್ನ ಸೋದರಳಿಯ 2023ರ ಸೆಪ್ಟೆಂಬರಿನಲ್ಲಿ ಅಲ್ಲಿ ಇಳಿದ. ಅದು ಒಂದೇ ವರ್ಷದ ಮಾಸ್ಟರ್ಸ್ ಪದವಿ. ಅಲ್ಲಿನ ಬ್ಯಾಂಕುಗಳೂ ಬೇಸಿಗೆಯಲ್ಲಿ ಪರೀಕ್ಷಿಸಿದ ಉಮೇದುವಾರರಿಂದಲೇ ನೌಕರರನ್ನು ಆರಿಸುತ್ತವೆ; ಆ ಬೇಸಿಗೆಯ ಕೆಲಸ ಕೊಡುವುದು ಬಹುಪಾಲು ಓದು ಮುಗಿಯಲು ಇನ್ನೂ ಒಂದು ವರ್ಷವಿರುವವರಿಗೆ. ಒಂದೇ ವರ್ಷದ ಪದವಿಯವನಿಗೆ ಆ ಎರಡನೆಯ ಬೇಸಿಗೆ ಎಲ್ಲಿಂದ ಬರಬೇಕು? ಅವನ ಏಕೈಕ ಬೇಸಿಗೆ ಪ್ರಬಂಧ ಬರೆಯುವುದರಲ್ಲಿ ಹೋಯಿತು. ನೇರ ನೌಕರಿಯ ಅರ್ಜಿಗಳೋ, ಅವನು ಬಾಡಿಗೆ ಕೋಣೆ ಹುಡುಕುತ್ತ, ಅಕ್ಕಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ವಿಚಾರಿಸುತ್ತಿದ್ದ ಎರಡು ತಿಂಗಳಲ್ಲೇ ಒಂದೊಂದಾಗಿ ಮುಚ್ಚಿಕೊಂಡವು. ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಇರಲು ರಹದಾರಿ ಇತ್ತು, ನಿಜ. ಆದರೆ 2024ರ ಏಪ್ರಿಲಿನಲ್ಲಿ ಬ್ರಿಟನ್ ಸರ್ಕಾರ ಪರದೇಶದ ನೌಕರರಿಗೆ ಕೊಡಲೇಬೇಕಾದ ಸಾಮಾನ್ಯ ಸಂಬಳದ ಮಿತಿಯನ್ನು 26,200 ಪೌಂಡಿನಿಂದ 38,700 ಪೌಂಡಿಗೆ ಏರಿಸಿಬಿಟ್ಟಿತು. ಹೊಸಬರಿಗೆ ಒಂದಿಷ್ಟು ರಿಯಾಯಿತಿ ಇದ್ದರೂ ಸಣ್ಣ ಸಂಸ್ಥೆಗಳು ಹಿಂದೆಗೆದವು. ಲಂಡನ್ನಿನ ಬಾಡಿಗೆ ಕೊಡುತ್ತ ಕಾದು ಕೂರುವ ಶಕ್ತಿ ನಮಗಿರಲಿಲ್ಲ. ಡಿಸೆಂಬರಿನಲ್ಲಿ ಹುಡುಗ ಮರಳಿದ.

ಅವನು ಮುಂಬಯಿಗೆ ಹೋಗಿ ಇಳಿದಾಗ ಅಲ್ಲಿನ ಜಾಗಗಳೆಲ್ಲ ಹಿಂದಿನ ವರ್ಷವೇ ತುಂಬಿದ್ದವು. ಇದೇ ನನ್ನ ಮಾತಿನ ತಿರುಳು. ಅವನನ್ನು ತೂಗಿ ಹಗುರವೆಂದು ಕೆಳಗಿಳಿಸಲಿಲ್ಲ. ತಕ್ಕಡಿಗೆ ಹಾಕಲೇ ಇಲ್ಲ. ತೂಗದ ವಸ್ತುವಿನ ತೂಕ ಪಂಕ್ತಿಯಲ್ಲಿ ಕುಳಿತ ಹಿರಿಯರಿಗೆ ಹೇಗೆ ಗೊತ್ತಾಯಿತು?

ಮುಂಬಯಿಯ ಆ ತಿಂಗಳುಗಳ ಕಥೆಯನ್ನು ಅವನು ಒಟ್ಟಿಗೆ ಹೇಳಿದವನಲ್ಲ. ಬಿಡಿಬಿಡಿಯಾಗಿ ಬಾಯಿಬಿಟ್ಟದ್ದನ್ನು ನಾನು ಕೂಡಿಸಿದ್ದೇನೆ. ಡೊಂಬಿವಿಲಿಯಲ್ಲಿ ದೂರದ ನೆಂಟರ ಮನೆ. ಬೆಳಗಿನ ಲೋಕಲ್ಲಿನಲ್ಲಿ ಕುರ್ಲಾಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಆ ಗಾಜಿನ ಕಟ್ಟಡಗಳಿಗೆ. ಇಸ್ತ್ರಿ ಮಾಡಿದ ಅಂಗಿಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಕುರ್ಲಾ ನಿಲ್ದಾಣದಲ್ಲಿ ತೊಟ್ಟುಕೊಳ್ಳುತ್ತಿದ್ದನಂತೆ. ಒಂದು ಸಂಸ್ಥೆಯ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ವಿದ್ಯಾಸಂಸ್ಥೆ ಎಂಬ ಕಡೆ ತಾನೇ ಬರೆಯುವಂತಿಲ್ಲ; ಒಂದು ಪಟ್ಟಿ ತೆರೆದುಕೊಳ್ಳುತ್ತದೆ, ಅದರೊಳಗಿಂದ ಆರಿಸಬೇಕು. ಪಟ್ಟಿಯಲ್ಲಿ ಹನ್ನೆರಡು ಹೆಸರು. ಕೊನೆಯದು "ಇತರೆ". ನನ್ನ ತಂಗಿಯ ಮನೆಯನ್ನು ಅಡವಿಟ್ಟು ತಂದ ಪದವಿ ಆ "ಇತರೆ"ಯೊಳಗೆ ಸೇರಿಹೋಯಿತು. "ಮಾವ, ಅದನ್ನು ಒತ್ತಿದ ಮರುನಿಮಿಷವೇ ವಂದನೆ ಹೇಳಿ ಕಾಗದ ಬಂತು, ಮನುಷ್ಯರು ಓದಿ ಬರೆದಿದ್ದರೆ ಊಟದ ಹೊತ್ತಾದರೂ ಕಳೆಯಬೇಕಿತ್ತು" ಎಂದ. ನಗುತ್ತಲೇ ಹೇಳಿದ.

ಒಂದು ಕಡೆ ಮಾತ್ರ ಒಬ್ಬ ಹಿರಿಯ ಅಧಿಕಾರಿ ಅವನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತನಾಡಿದರು. ಪುಣ್ಯಾತ್ಮರು. ಅವರು ಕೇಳಿದ ಒಂದು ಪ್ರಶ್ನೆ ಇದು: ಪೇಟೆಯಲ್ಲಿ ನಡೆಯುತ್ತಿರುವ ಕಂಪೆನಿಯೊಂದರ ಷೇರನ್ನು ಒಬ್ಬ ಕೊಳ್ಳುತ್ತ ಹೋದರೆ, ಯಾವ ಹಂತದಲ್ಲಿ ಅವನು ಉಳಿದ ಷೇರುದಾರರಿಗೂ ಕೊಳ್ಳುವ ಆಹ್ವಾನ ಕೊಡಲೇಬೇಕು? ಹುಡುಗ ಥಟ್ಟನೆ ಶೇಕಡ 30 ಎಂದ, ಉಳಿದ ಅಷ್ಟೂ ಷೇರಿಗೆ ಕೊಡಬೇಕು ಎಂದ. ಬ್ರಿಟನ್ನಿನ ನಿಯಮ ಅದು. ಅಲ್ಲಿ ಅವನಿಗೆ ಪೂರ್ತಿ ಅಂಕ. ನಮ್ಮ ದೇಶದಲ್ಲಿ 2011ರ ಸೆಬಿ ನಿಯಮದಂತೆ ಗಡಿ ಶೇಕಡ 25; ಆಹ್ವಾನ ಕನಿಷ್ಠ ಶೇಕಡ 26ರಷ್ಟು ಷೇರಿಗೆ. ಅವನಿಗೆ ಗೊತ್ತಿರಲಿಲ್ಲ. ಆ ಅಧಿಕಾರಿ ಪುಸ್ತಕದ ಹೆಸರೊಂದನ್ನು ಚೀಟಿಯಲ್ಲಿ ಬರೆದುಕೊಟ್ಟು ಕಳುಹಿಸಿದರು.

ಇಲ್ಲಿ ನಮ್ಮ ಹುಡುಗನ ತಪ್ಪಿದೆ, ಮುಚ್ಚಿಡುವುದಿಲ್ಲ. ಯಾವ ಪೇಟೆಯಲ್ಲಿ ವ್ಯಾಪಾರ ಮಾಡಬೇಕೋ ಆ ಪೇಟೆಯ ಅಳತೆ ತಿಳಿಯದೆ ಹೊರಟದ್ದು ತಪ್ಪೇ. ಬಂದ ದಿನವೇ ಸೆಬಿಯ ನಿಯಮಗಳನ್ನು, ನಮ್ಮ ಕಂಪೆನಿ ಕಾಯಿದೆಯನ್ನು ಹಿಡಿದು ಕೂರಬೇಕಿತ್ತು. ಪರದೇಶದ ಕಲಿಕೆಯ ಕೊರತೆಯೂ ಇದೇ. ಅಲ್ಲಿನ ಪಾಠದಲ್ಲಿ ಕಂಪೆನಿ ಎಂದರೆ ಸಾವಿರಾರು ಷೇರುದಾರರ ನಡುವೆ ಹಂಚಿಹೋದ ಕಂಪೆನಿ. ಇಲ್ಲಿ ಕಂಪೆನಿ ಎಂದರೆ ಅಪ್ಪ, ಇಬ್ಬರು ಗಂಡುಮಕ್ಕಳು, ಮುನಿಸಿಕೊಂಡ ಒಬ್ಬ ಚಿಕ್ಕಪ್ಪ. ಪ್ರೊಮೋಟರ್ ಕುಟುಂಬ ಎಂಬ ಈ ಒಂದು ಸಂಗತಿಯನ್ನು ಅರಿಯದವನಿಗೆ ಲೆಕ್ಕದ ಹಾಳೆ ಏನನ್ನೂ ಹೇಳುವುದಿಲ್ಲ. ಇಷ್ಟನ್ನೂ ಒಪ್ಪುತ್ತೇನೆ. ಆದರೆ ಶೇಕಡ 30ರ ಜಾಗದಲ್ಲಿ 25 ಎಂದು ಕಲಿಯಲು ಎಷ್ಟು ದಿನ ಬೇಕು? ಮೂರು ವಾರ ಕೂತು ಓದಿದರೆ ತುಂಬಿಕೊಳ್ಳುವ ಕೊರತೆಗೆ ಅಯೋಗ್ಯತೆ ಎಂದು ಹೆಸರಿಡುವುದು ನ್ಯಾಯವಲ್ಲ.

ಸಂಸ್ಥೆಗಳವರ ಉತ್ತರ ನನಗೆ ಗೊತ್ತು. ಅದನ್ನು ಪೂರ್ತಿ ಬಲದೊಡನೆಯೇ ಹೇಳುತ್ತೇನೆ. "ಹತ್ತು ಜಾಗಕ್ಕೆ ಹತ್ತು ಸಾವಿರ ಅರ್ಜಿ ಬಂದರೆ ನಾವು ಓದುತ್ತ ಕೂರಬೇಕೆ? ಐ.ಐ.ಎಂ.ನವರು ಆಗಲೇ ಜರಡಿ ಹಿಡಿದಿದ್ದಾರೆ. 2024ರ ಕ್ಯಾಟ್ ಪರೀಕ್ಷೆಗೆ ಕುಳಿತವರು ಸುಮಾರು 2.93 ಲಕ್ಷ ಮಂದಿ. ಅದರಲ್ಲಿ ತೇರಿದವರನ್ನು ನೋಡಿದರೆ ಸಾಕು." ಒಪ್ಪೋಣ, ಅದು ಸಣ್ಣ ಜರಡಿಯಲ್ಲ, ಅದರಲ್ಲಿ ಉಳಿದ ಮಕ್ಕಳು ಜಾಣರು. ಆದರೆ ಆ ಪರೀಕ್ಷೆ ಅಳೆಯುವುದು ಎರಡು ಗಂಟೆಯೊಳಗೆ ಲೆಕ್ಕವನ್ನೂ ಇಂಗ್ಲಿಷನ್ನೂ ಬಿಡಿಸುವ ಚುರುಕನ್ನು. ಬ್ಯಾಲೆನ್ಸ್ ಷೀಟು ಓದಬಲ್ಲನೆ ಎಂದು ಅದು ಕೇಳುವುದಿಲ್ಲ. ಇಪ್ಪತ್ತೆರಡನೆಯ ವಯಸ್ಸಿನ ಒಂದು ಭಾನುವಾರ ನಡೆದದ್ದನ್ನು ಹಿಡಿದುಕೊಂಡು, ಆ ಭಾನುವಾರ ಬೇರೆಲ್ಲೋ ಇದ್ದವರನ್ನು ಮತ್ತೆಂದೂ ನೋಡುವುದಿಲ್ಲ ಎನ್ನುವುದು ಸೋಮಾರಿತನ. ಅದಕ್ಕೆ ಪ್ರತಿಭೆಯ ಅನ್ವೇಷಣೆ ಎಂದು ಹೆಸರು ಕೊಟ್ಟಿದ್ದಾರೆ ಅಷ್ಟೆ.

ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. 1985ರಲ್ಲಿ ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಕೆಂಪು ಬಸ್ಸಿನಲ್ಲಿ ಬಂದು ಬ್ಯಾಂಕಿನ ಪ್ರವೇಶ ಪರೀಕ್ಷೆ ಬರೆದೆ. ನನ್ನ ಕಾಲೇಜಿನ ಹೆಸರನ್ನು ಯಾರೂ ಕೇಳಿರಲಿಲ್ಲ, ಕೇಳಲೂ ಇಲ್ಲ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ನನ್ನ ಜೊತೆ ಸೇರಿದವರಲ್ಲಿ ಗದಗಿನ ನೇಕಾರರ ಮಗನಿದ್ದ, ಮಂಗಳೂರಿನ ಡಾಕ್ಟರ ಮಗಳಿದ್ದಳು. ಈಗಲೂ ಸರ್ಕಾರಿ ಬ್ಯಾಂಕುಗಳು 2011ರಿಂದ ಐ.ಬಿ.ಪಿ.ಎಸ್. ಮೂಲಕ ಒಂದೇ ಪರೀಕ್ಷೆ ನಡೆಸುತ್ತವೆ. ಲಕ್ಷಗಟ್ಟಲೆ ಜನ ಬರೆಯುತ್ತಾರೆ, ಬ್ಯಾಂಕು ಮುಳುಗಿಲ್ಲ. ಸರ್ಕಾರಿ ಬ್ಯಾಂಕೆಂದರೆ ಮೂಗು ಮುರಿಯುವ ಈ ಗಾಜಿನ ಕಟ್ಟಡದವರು ಇಷ್ಟು ಸಣ್ಣ ಕೆಲಸವನ್ನು ಮಾಡಲಾರರೆ? ಮರ್ಚೆಂಟ್ ಬ್ಯಾಂಕಿಂಗಿಗೆಂದೇ ಸೆಬಿ ಸ್ಥಾಪಿಸಿದ ಎನ್.ಐ.ಎಸ್.ಎಂ. ಸಂಸ್ಥೆಯ ಪರೀಕ್ಷೆಯೊಂದಿದೆ. ಬೇರೆ ಜರಡಿ ಹೆಣೆಯುವುದೂ ಬೇಡ. ಅದನ್ನೇ ಮೊದಲ ಮೆಟ್ಟಿಲಾಗಿಟ್ಟು, ಪಾಸಾದವರಿಗೆ ಒಂದು ಕಂಪೆನಿಯ ಲೆಕ್ಕ ಕೊಟ್ಟು ಬೆಲೆ ಕಟ್ಟಿ ಎನ್ನಲಿ. ಒಂದು ದಿನದ ಕೆಲಸ.

ಇನ್ನು ಪರಿಚಯದ ಬಾಗಿಲು. ಎಲ್ಲ ಜಾಗವೂ ಜರಡಿಯಿಂದಲೇ ತುಂಬುತ್ತದೆಂದು ನಂಬುವವರು ನಂಬಲಿ. ಈ ಕಸುಬಿನ ಲೋಕದಲ್ಲಿ ಗಿರಾಕಿಗಳ ಮಕ್ಕಳಿಗೆ ಕೆಲಸ ಕೊಟ್ಟು ವ್ಯವಹಾರ ಪಡೆದದ್ದು ಊಹೆಯ ಮಾತಲ್ಲ. ಚೀನಾದ ಅಧಿಕಾರಿಗಳ ಮಕ್ಕಳಿಗೂ ಬಂಧುಗಳಿಗೂ ಹಾಗೆ ಕೆಲಸ ಕೊಟ್ಟ ಪ್ರಕರಣದಲ್ಲಿ ಜೆ.ಪಿ. ಮಾರ್ಗನ್ ಸಂಸ್ಥೆ 2016ರಲ್ಲಿ ಅಮೆರಿಕದ ಸರ್ಕಾರದೊಡನೆ ರಾಜಿ ಮಾಡಿಕೊಂಡು ಸುಮಾರು 26 ಕೋಟಿ 40 ಲಕ್ಷ ಡಾಲರ್ ತೆತ್ತಿತು. ಅದು ಚೀನಾದ ವಿಷಯ. ಮುಂಬಯಿಯಲ್ಲೂ ಹಾಗೆ ನಡೆಯಿತೆಂದು ನಾನು ಹೇಳುತ್ತಿಲ್ಲ. ಆದರೆ ಯೋಗ್ಯತೆಯೊಂದೇ ಈ ಕಸುಬಿನ ದೇವರು ಎನ್ನುವವರು ಆ ಪ್ರಕರಣವನ್ನು ಒಮ್ಮೆ ಓದಿ ಬರಲಿ. ಮುಂಬಯಿಯಲ್ಲಿ ನಮ್ಮ ಹುಡುಗನಿಗೆ ಎಲ್ಲರೂ ಕೊಟ್ಟ ಬುದ್ಧಿವಾದ ಒಂದೇ: "ಯಾರನ್ನಾದರೂ ಹಿಡಿ." ಹೈಸ್ಕೂಲು ಮೇಷ್ಟರ ಮಗ ಯಾರನ್ನು ಹಿಡಿಯಬೇಕು?

ಇಷ್ಟು ಹೊತ್ತು ಮುಂಬಯಿಯವರನ್ನು ಬೈದದ್ದಾಯಿತು. ಈಗ ನಮ್ಮ ಸರದಿ, ಮೊದಲು ನನ್ನದೇ. ವಿದ್ಯಾಭ್ಯಾಸದ ಸಾಲ ಏಳೂವರೆ ಲಕ್ಷ ದಾಟಿದರೆ ಸ್ಥಿರಾಸ್ತಿಯ ಅಡಮಾನ ಕೇಳುವುದು ನಮ್ಮಲ್ಲಿ ರೂಢಿಯಾಗಿ ಬಂದ ಕ್ರಮ. ನಾನು ಕುರ್ಚಿಯಲ್ಲಿದ್ದಾಗ ಇಂಥ ಎಷ್ಟೋ ಅರ್ಜಿಗಳನ್ನು ಮಂಜೂರು ಮಾಡಿದ್ದೇನೆ. ಕ್ರಯಪತ್ರ ನೋಡಿದೆ, ಖಾತೆ ನೋಡಿದೆ, ಕಂದಾಯದ ರಸೀದಿ ನೋಡಿದೆ, ಋಣಭಾರ ಪತ್ರವನ್ನು ಹಿಂದಿನ ಮೂವತ್ತು ವರ್ಷದವರೆಗೆ ತರಿಸಿ ಬೆರಳಿಟ್ಟು ಓದಿದೆ. ಗೋಡೆ ಬಿರುಕು ಬಿಟ್ಟಿದೆಯೇ ಎಂದು ಎಂಜಿನಿಯರನ್ನು ಕಳುಹಿಸಿದೆ. "ಮಗೂ, ಈ ಪದವಿ ಪಡೆದವರಿಗೆ ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಯಾರು ಕೆಲಸ ಕೊಡುತ್ತಾರೆ?" ಎಂದು ಒಬ್ಬನನ್ನಾದರೂ ಕೇಳಿದೆನೆ? ಕೇಳಲಿಲ್ಲ. ಒಂದು ಹಿಟ್ಟಿನ ಗಿರಣಿಗೆ ಐದು ಲಕ್ಷ ಕೊಡುವಾಗ, ಆ ಊರಿನಲ್ಲಿ ಎಷ್ಟು ಮನೆಯಿದೆ, ದಿನಕ್ಕೆ ಎಷ್ಟು ಸೇರು ರಾಗಿ ಬರುತ್ತದೆ ಎಂದು ಕೇಳುತ್ತಿದ್ದೆ. ನಲವತ್ತು ಲಕ್ಷದ ಹುಡುಗನಿಗೆ ಕೇಳಲಿಲ್ಲ. ಏಕೆಂದರೆ ಮನೆಯ ಪತ್ರ ನನ್ನ ಕಪಾಟಿನಲ್ಲಿತ್ತು. ಹುಡುಗ ಏನಾದರೂ ಆಗಲಿ, ಬ್ಯಾಂಕು ಭದ್ರ.

ನನ್ನ ತಂಗಿಯ ಮಗನ ವಿಷಯದಲ್ಲೂ ಅದನ್ನೇ ಮಾಡಿದೆ. ಸರಸ್ವತೀಪುರದ ಆ ಮನೆಯನ್ನು ನಮ್ಮ ಭಾವನವರು ಇಪ್ಪತ್ತು ವರ್ಷ ಟ್ಯೂಷನ್ ಹೇಳಿ ಕಟ್ಟಿದ್ದು. ಪತ್ರಗಳನ್ನು ಕೊಡುವ ದಿನ ತಂಗಿ ಕೇಳಿದಳು: "ಅಣ್ಣ, ನೀನು ಬ್ಯಾಂಕಿನವನು, ನಿನಗೆ ತಿಳಿದಿರುತ್ತೆ. ಹೆದರಿಕೆಯೇನೂ ಇಲ್ಲ ತಾನೆ?" ನಾನು ಏನೂ ಹೆದರಬೇಡ ಎಂದೆ. ಬಡ್ಡಿಯ ದರ ಮಾತ್ರ ನನಗೆ ತಿಳಿದಿತ್ತು. ಬಾಗಿಲ ವಿಷಯ ಒಂದಕ್ಷರವೂ ತಿಳಿದಿರಲಿಲ್ಲ. ತಿಳಿದವನಂತೆ ಮಾತನಾಡಿದೆ.

ಸಾಲ 42 ಲಕ್ಷ. ಬಡ್ಡಿ ವರ್ಷಕ್ಕೆ ಶೇಕಡ ಹತ್ತೂವರೆ. ಅಸಲಿನ ಕಂತಿನ ಮಾತು ಹಾಗಿರಲಿ, ಬಡ್ಡಿಯೊಂದೇ ತಿಂಗಳಿಗೆ 36,750 ರೂಪಾಯಿ. ಓದು ಮುಗಿದ ಮೇಲೆ ಒಂದು ವರ್ಷ ಕಟ್ಟಬೇಕಾಗಿಲ್ಲ ಎಂದು ರಿಯಾಯಿತಿ ಕೊಡುತ್ತಾರೆ. ಬಡ್ಡಿ ಆಗಲೂ ಬೆಳೆಯುತ್ತಲೇ ಇರುತ್ತದೆ, ನಾವು ಅದನ್ನು ನೋಡುವುದಿಲ್ಲ ಅಷ್ಟೆ.

ನಮ್ಮ ಬಡಾವಣೆಗಳಲ್ಲಿ ಬೀದಿಗೊಂದರಂತೆ ಎದ್ದಿರುವ ಕನ್ಸಲ್ಟೆನ್ಸಿಯವರನ್ನು ಇಲ್ಲಿ ಮರೆಯಲಾರೆ. ಸೂಟು ತೊಟ್ಟು ಸೇತುವೆಯ ಮುಂದೆ ನಿಂತ ಹುಡುಗನ ಚಿತ್ರ, ಒಳಗೆ ತಣ್ಣನೆಯ ಗಾಳಿ, ಸಲಹೆ ಉಚಿತ. ಉಚಿತ ಹೇಗೆ? ವಿದ್ಯಾರ್ಥಿ ಸೇರಿದ ಮೇಲೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಇಂಥ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಮನೆ ಕೊಡಿಸುವ ದಳ್ಳಾಳಿ ಎರಡೂ ಕಡೆಯಿಂದ ಹಣ ಪಡೆಯುತ್ತಾನೆಂದು ಬೈಯುವ ನಾವು, ಒಂದೇ ಕಡೆಯಿಂದ, ಅದೂ ಮಾರುವವನ ಕಡೆಯಿಂದ ಪಡೆಯುವವನ ಸಲಹೆಯನ್ನು ಗುರುವಾಕ್ಯವೆಂದು ತಲೆಯ ಮೇಲಿಟ್ಟುಕೊಂಡು ಬರುತ್ತೇವೆ. ನಮ್ಮ ಹುಡುಗನಿಗೆ ಅವರು ತೋರಿಸಿದ ಪತ್ರಿಕೆಯಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳ ಮುದ್ರೆಗಳಿದ್ದವು, "ನಮ್ಮ ಹಳೆಯ ವಿದ್ಯಾರ್ಥಿಗಳು ಇಲ್ಲಿದ್ದಾರೆ" ಎಂದು. ಎಷ್ಟು ಮಂದಿ, ಯಾವ ಕೆಲಸದಲ್ಲಿ, ಯಾವ ಊರಿನಲ್ಲಿ ಎಂಬುದಿರಲಿಲ್ಲ.

"ಬೆಂಗಳೂರಿನಲ್ಲೇ ಆ ಬ್ಯಾಂಕುಗಳಿವೆಯಲ್ಲ, ಹೊರವರ್ತುಲ ರಸ್ತೆಯ ತುಂಬ?" ಎಂದು ಕೇಳುವವರುಂಟು. ಇವೆ. ನಮ್ಮ ಹುಡುಗನಿಗೆ ಅಂಥ ಒಂದು ಕಡೆ ಕೆಲಸವೂ ಸಿಕ್ಕುತ್ತಿತ್ತು. ಲಂಡನ್ನು ನ್ಯೂಯಾರ್ಕುಗಳಲ್ಲಿ ಗಿರಾಕಿಯ ಮುಂದೆ ಕೂರುವವನಿಗೆ ಬೇಕಾದ ಅಂಕಿಗಳನ್ನು, ಚಿತ್ರಪಟಗಳನ್ನು ಇಲ್ಲಿ ರಾತ್ರಿ ಕುಳಿತು ತಯಾರಿಸಿ ಕಳುಹಿಸುವ ಕೆಲಸ. ಮರ್ಯಾದೆಯ ಕೆಲಸ, ಒಳ್ಳೆಯ ಸಂಬಳ; ಅದನ್ನು ಮಾಡುವವರನ್ನು ಹಳಿಯುವವನು ನಾನಲ್ಲ. ಅವನಿಗೆ ಅದು ಬೇಡವಾಯಿತು. "ಅಡುಗೆ ಮಾಡಿದವನಿಗೆ ಉಂಡವರ ಮುಖ ಕಾಣಬೇಕು ಮಾವ" ಎಂದ. ಸಾಲಗಾರನಿಗೆ ಇಂಥ ಷೋಕಿ ಸಲ್ಲದು ಎಂದು ನಾನು ರೇಗಿದೆ. ಒಂದು ವಾರ ನಮ್ಮಿಬ್ಬರಿಗೂ ಮಾತಿರಲಿಲ್ಲ. ಈಗ ಯೋಚಿಸಿದರೆ, ಅವನ ಹಟ ಸರಿಯೋ ನನ್ನ ರೇಗು ಸರಿಯೋ ಹೇಳಲಾರೆ.

ಮಕ್ಕಳನ್ನು ಪರದೇಶಕ್ಕೆ ಕಳುಹಿಸಬೇಡಿ ಎಂದು ನಾನು ಹೇಳುವುದಿಲ್ಲ. ಓದಲಿ, ಲೋಕ ನೋಡಲಿ. ಈ ಕಸುಬೇ ಬೇಕೆಂದರೆ, ಮನೆಯ ಪತ್ರವನ್ನು ಬ್ಯಾಂಕಿಗೆ ಒಯ್ಯುವ ಮೊದಲು ಎರಡು ಪಂಚಾಂಗಗಳನ್ನು, ಅಲ್ಲಿನದನ್ನೂ ಇಲ್ಲಿನದನ್ನೂ, ಮೇಜಿನ ಮೇಲೆ ಹರಡಿ ನೋಡಿ. ಎರಡು ವರ್ಷದ ಓದಾದರೆ ನಡುವೆ ಒಂದು ಬೇಸಿಗೆ ಸಿಗುತ್ತದೆ. ಆ ಬೇಸಿಗೆಯನ್ನು ಮುಂಬಯಿಯಲ್ಲಿ ಕಳೆಯುವ ದಾರಿ ಮೊದಲೇ ಹುಡುಕಲಿ. ಸಿ.ಎ. ಓದುವವನಿಗೆ ಈಗ ಎರಡು ವರ್ಷದ ಆರ್ಟಿಕಲ್‌ಷಿಪ್. ನಮ್ಮ ಕಂಪೆನಿಗಳ ಒಳಹೊಕ್ಕು ನೋಡುವ ಆ ಅಭ್ಯಾಸಕ್ಕೆ ಖರ್ಚು ಎಷ್ಟು, ಲಂಡನ್ನಿನ ಒಂದು ವರ್ಷಕ್ಕೆ ಎಷ್ಟು? ಸಾಲ ಕೊಡುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಒಂದೇ ವಿನಂತಿ: ಹಿಟ್ಟಿನ ಗಿರಣಿಯವನಿಗೆ ಕೇಳುವ ಪ್ರಶ್ನೆಯನ್ನು ಹುಡುಗನಿಗೂ ಕೇಳಿ. ಮನೆಯವರಿಗೆ ಕೋಪ ಬಂದರೆ ಬರಲಿ.

ನಮ್ಮ ಹುಡುಗ ಈ ಮಾಘದಲ್ಲಿ ಮುಂಬಯಿಯ ಒಂದು ಸಣ್ಣ ಮರ್ಚೆಂಟ್ ಬ್ಯಾಂಕಿಂಗ್ ಸಂಸ್ಥೆ ಸೇರಿದ. ಗಾಜಿನ ಕಟ್ಟಡವಲ್ಲ, ಅಂಧೇರಿಯಲ್ಲಿ ಎರಡು ಕೋಣೆ, ಕೆಳಗೆ ಔಷಧದ ಅಂಗಡಿ. 2012ರಲ್ಲಿ ಸಣ್ಣ ಉದ್ಯಮಗಳಿಗೆಂದು ಬೇರೆ ಷೇರು ಪೇಟೆಗಳು ತೆರೆದಂದಿನಿಂದ ಇಂಥ ಸಂಸ್ಥೆಗಳಿಗೆ ಕೆಲಸವಿದೆ. ಅಲ್ಲಿ ಪಟ್ಟಿ ಇರಲಿಲ್ಲ. ಸೆಬಿಯ ನಿಯಮದ ಮೇಲೆ ಒಂದು ಗಂಟೆ ಪ್ರಶ್ನೆ ಕೇಳಿದರಂತೆ. ಈ ಸಲ ಉತ್ತರ ಹೇಳಿದ. ಸಂಬಳ 28,000. ಬಡ್ಡಿಗೆ 8,750 ಕಡಿಮೆ ಬೀಳುತ್ತದೆ. ಅಲ್ಲಿಗೆ ಅವನ ಊಟವನ್ನಾಗಲಿ ಬಾಡಿಗೆಯನ್ನಾಗಲಿ ಲೆಕ್ಕಕ್ಕೆ ಹಿಡಿದಿಲ್ಲ. ಸದ್ಯಕ್ಕೆ ನನ್ನ ಪಿಂಚಣಿಯೂ ಭಾವನವರ ಪಿಂಚಣಿಯೂ ಹೆಗಲು ಕೊಟ್ಟಿವೆ.

ಹೋದ ವಾರ ಬೆಳಗಾವಿಯಿಂದ ಫೋನು ಮಾಡಿದ. ಅಲ್ಲಿನ ಒಂದು ಫೌಂಡ್ರಿಯವರು ಷೇರು ಪೇಟೆಗೆ ಬರಬೇಕೆಂದಿದ್ದಾರೆ, ಲೆಕ್ಕ ನೋಡಲು ಇವನನ್ನು ಕಳುಹಿಸಿದ್ದಾರೆ. ಯಜಮಾನರೊಡನೆ ಕನ್ನಡದಲ್ಲಿ ಮಾತನಾಡಬಲ್ಲವನು ಆ ಎರಡು ಕೋಣೆಯಲ್ಲಿ ಇವನೊಬ್ಬನೇ. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು. "ಮಾವ, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಅಚ್ಚಿನ ಮರಳನ್ನೂ ಸೇರಿಸಿದ್ದಾರೆ. ಒಂದೇ ಮರಳನ್ನು ಮತ್ತೆ ಮತ್ತೆ ಬಳಸುತ್ತಾರಂತೆ. ಅದಕ್ಕೆ ಸಾಲ ಕೊಡುತ್ತೀರಾ ನೀವು?" ಎಂದು ಕೇಳಿದ. ಎಷ್ಟು ಟನ್ನು ತೋರಿಸಿದ್ದಾರೆ, ಯಾವ ದರದಲ್ಲಿ ಎಂದು ನಾನು ಕೇಳಿದೆ. ಇರಿ, ಅಂಗಳಕ್ಕೆ ಹೋಗಿ ರಾಶಿ ನೋಡಿ ಬಂದು ಹೇಳುತ್ತೇನೆ ಎಂದು ಫೋನಿಟ್ಟ.